ಮನೆಯಲ್ಲೇ ಬಿಯರ್ ಮಾಡುವ ಕಿಟ್: ಡಬ್ಬಿಯೊಳಗೆ ಏನಿದೆ, ಫಾರ್ವರ್ಡ್‌ನಲ್ಲಿ ಎಷ್ಟು ನಿಜವಿದೆ?

"ಮನೆಯಲ್ಲೇ 20 ಲೀಟರ್ ಬಿಯರ್ ಮಾಡಿ. ಕೆಮಿಕಲ್ ಇಲ್ಲ, ಗ್ಲಿಸರಿನ್ ಇಲ್ಲ, ಲೈಸೆನ್ಸ್ ಬೇಕಿಲ್ಲ. ದೇಹಕ್ಕೆ ತಂಪು, ಕಿಡ್ನಿ ಕಲ್ಲಿಗೂ ಒಳ್ಳೆಯದು!"

ಒಂದು ವಿಡಿಯೊ ಜೊತೆ ಓಡಾಡುತ್ತಿರುವ ಈ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ನಮಗೆ ಇದನ್ನು ಕಳಿಸಿದವರು ಗಂಗಾವತಿ ಸಮೀಪದ ಹೇಮಗುಡ್ಡದ ಒಬ್ಬ ಓದುಗರು. ಜೊತೆಗೆ ಒಂದು ವಾಯ್ಸ್ ಮೆಸೇಜ್ ಕೂಡ ಇತ್ತು: "ಕಿಟ್ ತರಿಸ್ಬೇಕಂತ ಮಾಡೀನ್ರೀ. ದಸರಾಕ್ಕ ಗೆಳೆಯರೆಲ್ಲಾ ಊರಿಗೆ ಬರ್ತಾರ. ನಮ್ಮವ್ವ ಮಾತ್ರ ಮನ್ಯಾಗ ಮಾಡಿದ್ದು ಕುಡದ್ರ ಕಣ್ಣ ಹೋಗ್ತಾವ ಅಂತಾಳ. ಈ ಮೆಸೇಜ್ ಖರೇನೋ, ನಮ್ಮವ್ವ ಹೇಳೋದು ಖರೇನೋ, ನೀವ ಹೇಳ್ರಿ."

ಒಳ್ಳೆಯ ಪ್ರಶ್ನೆ. ನಾವು ಒಂದೊಂದೇ ಮಾತನ್ನು ಬಿಡಿಸಿ ನೋಡಿದೆವು. ಮೆಸೇಜಿನಲ್ಲಿ ಸುಳ್ಳೇ ಹೆಚ್ಚು. ಅವ್ವನ ಮಾತಿನಲ್ಲಿ ಕಾರಣ ತಪ್ಪು, ಆದರೆ ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಯಾಕೆ ಅಂತ ನೋಡೋಣ.

ಮೊದಲು, ಆ ಡಬ್ಬಿಯೊಳಗೆ ಏನಿರುತ್ತದೆ?

ಹೊರದೇಶಗಳಲ್ಲಿ ಮಾರುವ ಸಾಮಾನ್ಯ ಬಿಯರ್ ಕಿಟ್‌ನಲ್ಲಿ ಮುಖ್ಯವಾಗಿ ಇರುವುದು ಒಂದೂವರೆ ಕೆಜಿಗಿಂತ ತುಸು ಹೆಚ್ಚು ತೂಗುವ ಒಂದು ಡಬ್ಬಿ. ಅದರಲ್ಲಿ ಜೋನಿ ಬೆಲ್ಲದಂತೆ ಗಟ್ಟಿಯಾದ, ಕಂದು ಬಣ್ಣದ ಪಾಕ. ಅದೇ ಮಾಲ್ಟ್ ಸಾರ. ಜೊತೆಗೆ ಒಣ ಯೀಸ್ಟ್‌ನ ಪುಟ್ಟ ಪೊಟ್ಟಣ. ದೊಡ್ಡ ಕಿಟ್ ಆದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್, ಒಳಗಿನ ಗಾಳಿ ಹೊರಗೆ ಹೋಗಲು ಬಿಟ್ಟು ಹೊರಗಿನದು ಒಳಬರದಂತೆ ತಡೆಯುವ ನೀರಿನ ಕೊಳವೆ, ದ್ರವದ ಸಾಂದ್ರತೆ ಅಳೆಯುವ ಗಾಜಿನ ಹೈಡ್ರೋಮೀಟರ್ ಇರುತ್ತವೆ.

ಮಾಲ್ಟ್ ಅಂದರೆ ಗಾಬರಿಪಡಬೇಕಾದ ಪದಾರ್ಥವೇನಲ್ಲ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ನಮ್ಮ ಮನೆಗಳಲ್ಲಿ ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಸರಿ ಮಾಡುತ್ತಾರಲ್ಲ, ಅದೂ ಮಾಲ್ಟೇ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನೊಂದಿಗೆ ಕೊಡುತ್ತಿರುವ ರಾಗಿ ಮಾಲ್ಟ್ ಹೆಸರಲ್ಲಿರುವುದೂ ಅದೇ ಪದ. ಅದರಲ್ಲಿ ಮದ್ಯದ ಅಂಶ ಇರುವುದಿಲ್ಲ. ಮೊಳಕೆ ಬರುವಾಗ ಕಾಳಿನೊಳಗೆ ಕೆಲವು ಕಿಣ್ವಗಳು ಹುಟ್ಟಿ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಾಗಾಗಿಯೇ ಮೊಳಕೆ ಕಾಳಿನ ಹಿಟ್ಟಿಗೆ ಸಣ್ಣ ಸಿಹಿ ಇರುತ್ತದೆ.

ಬಿಯರ್‌ಗೆ ಹೆಚ್ಚಾಗಿ ಬಳಸುವುದು ಬಾರ್ಲಿಯ ಮಾಲ್ಟ್. ಆದರೆ ಆಫ್ರಿಕಾದ ಹಲವು ದೇಶಗಳಲ್ಲಿ ನಮ್ಮ ರೊಟ್ಟಿಯ ಜೋಳದಿಂದಲೇ ಬಿಯರ್ ಮಾಡುವ ಹಳೆಯ ರೂಢಿ ಇದೆ. ಕಹಿಗೆ ಹಾಕುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ನಮ್ಮ ದೇಶದಲ್ಲಿ ಅದನ್ನು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಕಿಟ್‌ನ ಪಾಕದಲ್ಲಿ ಈ ಕಹಿ ಮೊದಲೇ ಸೇರಿರುತ್ತದೆ.

ಡ್ರಮ್‌ನೊಳಗೆ ನಡೆಯುವುದೇನು?

ಪಾಕಕ್ಕೆ ಬಿಸಿನೀರು, ಸುಮಾರು 1 ಕೆಜಿ ಸಕ್ಕರೆ ಹಾಕಿ ಕರಗಿಸಿ, ತಣ್ಣೀರು ಬೆರೆಸಿ 20 ಲೀಟರ್‌ಗಿಂತ ತುಸು ಹೆಚ್ಚು ಮಾಡುತ್ತಾರೆ. ತಣ್ಣಗಾದ ಮೇಲೆ ಯೀಸ್ಟ್ ಉದುರಿಸಿ ಮುಚ್ಚುತ್ತಾರೆ. ಮುಂದಿನ ಒಂದೆರಡು ವಾರ ಯೀಸ್ಟ್ ಸಕ್ಕರೆಯನ್ನು ತಿಂದು ಎರಡು ವಸ್ತುಗಳನ್ನು ಹೊರಹಾಕುತ್ತದೆ: ಎಥನಾಲ್ ಎಂಬ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸ್‌ನಿಂದ ಹೆಚ್ಚೆಂದರೆ 92 ಗ್ರಾಂ ಎಥನಾಲ್, 88 ಗ್ರಾಂ ಅನಿಲ ಬರುತ್ತದೆ.

ಇಡ್ಲಿ ಹಿಟ್ಟು ರಾತ್ರಿ ಉಬ್ಬುವುದು, ಅಂಬಲಿ ಬೆಳಗಾಗುವಷ್ಟರಲ್ಲಿ ಹುಳಿಯಾಗುವುದು ಇದರ ನೆಂಟರೇ. ವ್ಯತ್ಯಾಸ ಇಷ್ಟೇ: ಅಲ್ಲಿ ಮುಖ್ಯ ಕೆಲಸಗಾರರು ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ, ಇಲ್ಲಿ ಯೀಸ್ಟ್. ಈ ಹುದುಗುವಿಕೆ ಜೀವಿಗಳ ಕೆಲಸ ಎಂದು ಪ್ರಯೋಗ ಮಾಡಿ ತೋರಿಸಿದವರು ಲೂಯಿ ಪ್ಯಾಶ್ಚರ್. ಬಿಯರ್ ಯಾಕೆ ಕೆಡುತ್ತದೆ ಎಂಬುದರ ಬಗ್ಗೆಯೇ ಅವರು 1876ರಲ್ಲಿ ಒಂದು ಪುಸ್ತಕ ಬರೆದರು.

ಎಷ್ಟು ಮದ್ಯ ಆಯಿತು ಎಂದು ತಿಳಿಯುವುದು ಹೇಗೆ? ಸಕ್ಕರೆ ನೀರು ಬರೀ ನೀರಿಗಿಂತ ಭಾರ. ಶುರುವಿನಲ್ಲಿ ಹೈಡ್ರೋಮೀಟರ್ 1.040 ತೋರಿಸಿ, ಕೊನೆಗೆ 1.010ಕ್ಕೆ ಇಳಿದರೆ, ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸುತ್ತಾರೆ. ಅಂದರೆ ಸುಮಾರು ಶೇ 4. ಈ ಭಾರದ ವಿಷಯ ನೆನಪಿಟ್ಟುಕೊಳ್ಳಿ, ಗ್ಲಿಸರಿನ್ ಪ್ರಶ್ನೆಗೆ ಬೇಕಾಗುತ್ತದೆ.

ಅವ್ವನ ಪ್ರಶ್ನೆ: ಕಣ್ಣು ಹೋಗುತ್ತದೆಯೇ?

ಕಣ್ಣು ಕಳೆಯುವುದು ಎಥನಾಲ್ ಅಲ್ಲ, ಅದರ ಸೋದರನಂತಿರುವ ಮೆಥನಾಲ್. ನೋಡಲು ಎರಡೂ ಒಂದೇ, ವಾಸನೆಯೂ ಹತ್ತಿರ. ಮೆಥನಾಲ್ ನಮ್ಮ ಪಿತ್ತಜನಕಾಂಗಕ್ಕೆ ಹೋದಾಗ ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತದೆ. ಈ ಆಮ್ಲ ಜೀವಕೋಶಗಳು ಆಮ್ಲಜನಕ ಬಳಸದಂತೆ ಮಾಡುತ್ತದೆ. ಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಕಣ್ಣಿನ ನರವೂ ಒಂದು. ಎರಡು ಚಮಚದಷ್ಟು, ಅಂದರೆ ಸುಮಾರು 10 ಮಿಲಿ ಶುದ್ಧ ಮೆಥನಾಲ್ ಕೂಡ ದೃಷ್ಟಿಗೆ ಕುತ್ತು ತರಬಲ್ಲದು.

ಹಾಗಾದರೆ ಬಿಯರ್ ಕಿಟ್‌ನಲ್ಲಿ ಮೆಥನಾಲ್ ಹುಟ್ಟುತ್ತದೆಯೇ? ಹುದುಗುವಾಗ ಮೆಥನಾಲ್ ಬರುವುದು ಹೆಚ್ಚಾಗಿ ಹಣ್ಣಿನಲ್ಲಿರುವ ಪೆಕ್ಟಿನ್ ಎಂಬ ಅಂಶದಿಂದ. ಕಾಳಿನ ಮಾಲ್ಟ್‌ನಲ್ಲಿ ಪೆಕ್ಟಿನ್ ತೀರಾ ಕಡಿಮೆ. ಹಾಗಾಗಿ ಮಾಲ್ಟ್, ಸಕ್ಕರೆ, ಯೀಸ್ಟ್‌ನಿಂದ ಆದ ಬಿಯರ್‌ನಲ್ಲಿ ಕಣ್ಣಿಗೆ ಅಪಾಯವಾಗುವಷ್ಟು ಮೆಥನಾಲ್ ಇರುವುದಿಲ್ಲ. ಇದರಲ್ಲಿ ಭಟ್ಟಿ ಇಳಿಸುವ ಕೆಲಸವೂ ಇಲ್ಲ.

ಆದರೆ ಅವ್ವನ ಭಯ ಎಲ್ಲಿಂದ ಬಂತು? 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಭಾಗ ಮತ್ತು ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ 150ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ. ಇಂಥ ದುರಂತಗಳ ಹಿಂದೆ ಸಾಮಾನ್ಯವಾಗಿ ಇರುವುದು ಹುದುಗಿಸುವಾಗ ತಾನಾಗಿ ಹುಟ್ಟಿದ ಮೆಥನಾಲ್ ಅಲ್ಲ. ಕಾರ್ಖಾನೆಗಳಿಗೆಂದು ತಯಾರಾದ ಅಗ್ಗದ ಮೆಥನಾಲನ್ನು ಮಾರುವವರು ತಂದು ಬೆರೆಸುತ್ತಾರೆ. ವಿಷ ಬರುವುದು ಮನೆಯ ಗಡಿಗೆಯಿಂದಲ್ಲ, ಮಾರುವವರ ಕ್ಯಾನ್‌ನಿಂದ.

ನಮ್ಮ ಭಾಗದಲ್ಲಿ ಇನ್ನೊಂದು ವಿಷ ಇದೆ. ರಾಯಚೂರು ಸುತ್ತಮುತ್ತ, ತೆಲಂಗಾಣ ಗಡಿ ಭಾಗದಲ್ಲಿ "ಸಿಎಚ್ ಪೌಡರ್" ಸೇಂದಿ ಎಂದರೆ ಎಲ್ಲರಿಗೂ ಗೊತ್ತು. ಅದು ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ಔಷಧ. ನೀರಿಗೆ ಅದನ್ನು ಬೆರೆಸಿ, ಬಿಳಿ ಬಣ್ಣ, ಸಿಹಿ ಸೇರಿಸಿ ಸೇಂದಿ ಎಂದು ಮಾರುತ್ತಾರೆ. ಈಚಲು ಮರದ ಹನಿಯೂ ಅದರಲ್ಲಿ ಇರಬೇಕೆಂದಿಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೆ ಉಸಿರು ನಿಲ್ಲಬಹುದು. ರೂಢಿಯಾದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ಆದ್ದರಿಂದ ಅಂಥವರನ್ನು ಮನೆಯಲ್ಲಿ ಕೂಡಿಹಾಕುವ ಬದಲು ಆಸ್ಪತ್ರೆಗೆ ಕರೆದೊಯ್ಯಬೇಕು.

ಇಂಥದ್ದನ್ನೆಲ್ಲ ನೋಡಿದ, ಕೇಳಿದ ತಾಯಿಗೆ "ಮನೆಯಲ್ಲಿ ಮಾಡಿದ್ದು" ಎಂಬ ಮಾತೇ ಅಪಾಯದ ಗಂಟೆಯಂತೆ ಕೇಳುತ್ತದೆ. ಅದನ್ನು ಮೂಢನಂಬಿಕೆ ಎಂದು ನಗುವಂತಿಲ್ಲ. ಯಾರೋ ಮಾಡಿದ, ಒಳಗೇನಿದೆ ಗೊತ್ತಿಲ್ಲದ ದ್ರವದ ಬಗ್ಗೆ ಅವರ ಎಚ್ಚರಿಕೆ ನೂರಕ್ಕೆ ನೂರು ಸರಿ.

ಒಂದು ಮಾತು ಉಳಿಸಿಕೊಳ್ಳಿ: ಮೆಥನಾಲ್ ಕುಡಿದವರಿಗೆ ತಕ್ಷಣ ಏನೂ ಆಗದಿರಬಹುದು. ಸುಮಾರು 12ರಿಂದ 24 ಗಂಟೆ ಕಳೆದ ಮೇಲೆ ಕಣ್ಣು ಮಂಜಾಗುವುದು, ಹೊಟ್ಟೆ ನೋವು, ವಾಂತಿ, ಏದುಸಿರು ಶುರುವಾಗುತ್ತವೆ. "ನಿನ್ನೆ ಕುಡಿದದ್ದು, ಇಳಿದುಹೋಗುತ್ತದೆ" ಎಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ. ಇದಕ್ಕೆ ಪ್ರತಿವಿಷವಿದೆ, ಡಯಾಲಿಸಿಸ್ ಇದೆ. ಬೇಗ ಹೋದಷ್ಟೂ ಕಣ್ಣು, ಜೀವ ಉಳಿಯುವ ಸಾಧ್ಯತೆ ಹೆಚ್ಚು. ಜೊತೆಗೆ ಕುಡಿದವರನ್ನೂ, ಅವರಿಗೆ ಏನೂ ಅನಿಸದಿದ್ದರೂ, ಕರೆದೊಯ್ಯಿರಿ.

ನಿಜವಾದ ತೊಂದರೆ: ನಮ್ಮ ಬಿಸಿಲು

ವಿಡಿಯೊದಲ್ಲಿ ಕಿಟ್ ತೆರೆದು ತೋರಿಸುವವರು ತಂಪು ದೇಶದವರು. ಸಾಮಾನ್ಯ ಕಿಟ್‌ನ ಯೀಸ್ಟ್‌ಗೆ ಹಿತವಾದ ಉಷ್ಣತೆ 18ರಿಂದ 22 ಡಿಗ್ರಿ. ಗಂಗಾವತಿ ಕಡೆ ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ. ತಗಡಿನ ಮನೆಯೊಳಗೆ ರಾತ್ರಿಯೂ ಸೆಕೆ. ಸಾಲದ್ದಕ್ಕೆ ಯೀಸ್ಟ್ ಕೆಲಸ ಮಾಡುವಾಗ ತಾನೂ ಬಿಸಿ ಹುಟ್ಟಿಸುತ್ತದೆ, ಡ್ರಮ್ ಕೋಣೆಗಿಂತ ಬಿಸಿಯಾಗಿರುತ್ತದೆ. ಅಷ್ಟು ಬಿಸಿಯಲ್ಲಿ ಯೀಸ್ಟ್ ಎಥನಾಲ್ ಜೊತೆ ಫ್ಯೂಸಲ್ ಎಂಬ ಭಾರದ ಮದ್ಯಸಾರಗಳನ್ನು ಹೆಚ್ಚು ಮಾಡುತ್ತದೆ. ಬರುವ ಬಿಯರ್‌ಗೆ ಬಣ್ಣ ತೆಳುಮಾಡುವ ಥಿನ್ನರ್‌ನ ವಾಸನೆ, ಗಂಟಲಲ್ಲಿ ಉರಿ.

ಇನ್ನೊಂದು, ಬಾಟಲಿ ಸಿಡಿಯುವುದು. ನೊರೆ ಬರಲೆಂದು ಬಾಟಲಿಗೆ ತುಂಬುವಾಗ ಲೀಟರಿಗೆ 6ರಿಂದ 8 ಗ್ರಾಂ ಸಕ್ಕರೆ ಹಾಕುತ್ತಾರೆ. ಉಳಿದ ಯೀಸ್ಟ್ ಅದನ್ನು ತಿಂದು ಮುಚ್ಚಿದ ಬಾಟಲಿಯಲ್ಲಿ ಅನಿಲ ತುಂಬುತ್ತದೆ. ಎಲ್ಲ ಸರಿಯಾಗಿದ್ದರೂ 20 ಡಿಗ್ರಿಯಲ್ಲಿ ಒಳಗೆ ಹೆಚ್ಚುಕಡಿಮೆ ಬೈಕ್ ಟಯರ್‌ನಷ್ಟು ಒತ್ತಡ ಇರುತ್ತದೆ. 35 ಡಿಗ್ರಿಯಲ್ಲಿ ಅದು ಸುಮಾರು ಒಂದೂವರೆ ಪಟ್ಟು. ಹುದುಗುವುದು ಮುಗಿಯುವ ಮೊದಲೇ ತುಂಬಿದರೆ, ಅಥವಾ ಸಕ್ಕರೆ ಅಂದಾಜಿಗೆ ಹಾಕಿದರೆ, ಗಾಜು ತಡೆಯುವುದಿಲ್ಲ. ಕೈಗೆ, ಮುಖಕ್ಕೆ ಚೂರು ನಾಟುತ್ತವೆ. ಕಣ್ಣು ಹೋಗುವ ಭಯ ಇದ್ದರೆ ಅದು ಬಾಟಲಿಯೊಳಗಿನ ದ್ರವದಿಂದ ಅಲ್ಲ, ಬಾಟಲಿಯಿಂದಲೇ.

ಕೆಟ್ಟ ಬಿಯರ್ ಕುಡಿದರೆ ಕಾಯಿಲೆ ಬರುತ್ತದೆಯೇ? ಹುಳಿ, ಮದ್ಯಸಾರ, ಹಾಪ್ಸ್‌ನ ಕಹಿ ಮೂರೂ ಸೇರಿ ಕಾಯಿಲೆ ತರುವ ಬಹುಪಾಲು ಬ್ಯಾಕ್ಟೀರಿಯಾಗಳನ್ನು ಬೆಳೆಯಗೊಡುವುದಿಲ್ಲ. ಹಾಗಾಗಿ ಕೊಳಕು ಡ್ರಮ್‌ನಲ್ಲಿ ಮಾಡಿದರೆ ಸಾಮಾನ್ಯವಾಗಿ ಹಾಳಾಗುವುದು ರುಚಿ.

ರುಚಿ ನೋಡುವುದೂ ಒಂದು ವಿಜ್ಞಾನ

ಬಿಯರ್ ಕಂಪನಿಗಳಲ್ಲಿ ರುಚಿ ನೋಡುವವರು "ಚೆನ್ನಾಗಿದೆ, ಚೆನ್ನಾಗಿಲ್ಲ" ಎಂದು ಹೇಳಲು ಇರುವುದಿಲ್ಲ. ವಾಸನೆಯಿಂದ ತಪ್ಪು ಎಲ್ಲಾಗಿದೆ ಎಂದು ಪತ್ತೆ ಮಾಡುತ್ತಾರೆ. ಬೆಣ್ಣೆ ಕಾಯಿಸಿದ ವಾಸನೆ ಬಂದರೆ ಡೈಅಸಿಟೈಲ್, ಅಂದರೆ ಯೀಸ್ಟ್ ಕೆಲಸ ಮುಗಿಸುವ ಮೊದಲೇ ಅವಸರ ಮಾಡಿದ್ದಾರೆ. ಹಸಿ ಸೇಬಿನ ವಾಸನೆ ಅಸಿಟಾಲ್ಡಿಹೈಡ್, ಅದೂ ಅವಸರದ ಗುರುತೇ. ವಿನೆಗರ್ ಹುಳಿ ಬಂದರೆ ಬೇರೆ ಬ್ಯಾಕ್ಟೀರಿಯಾ ಮತ್ತು ಗಾಳಿ ಸೇರಿವೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳತಾಗಿದೆ. ಆಸ್ಪತ್ರೆಯಂಥ ವಾಸನೆ ಬಂದರೆ ನೀರಿನಲ್ಲಿ ಕ್ಲೋರಿನ್ ಉಳಿದಿದೆ. ಬಿಯರ್ ಬಾಟಲಿ ಕಂದು ಬಣ್ಣ ಇರುವುದಕ್ಕೂ ಕಾರಣ ಇದೆ: ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಬ್ಬು ವಾಸನೆಯ ಗಂಧಕದ ವಸ್ತುವಾಗುತ್ತದೆ.

ಕಹಿಯನ್ನು ನಾಲಿಗೆಯ ಹಿಂಭಾಗ ಮಾತ್ರ, ಸಿಹಿಯನ್ನು ತುದಿ ಮಾತ್ರ ಗುರುತಿಸುತ್ತದೆ ಎಂಬ ಚಿತ್ರ ಶಾಲೆಯ ಪುಸ್ತಕದಲ್ಲಿ ನೋಡಿದ್ದೀರಲ್ಲವೇ? ಅದು ತಪ್ಪು. 1901ರ ಒಂದು ಜರ್ಮನ್ ಅಧ್ಯಯನವನ್ನು ನಂತರದವರು ತಪ್ಪಾಗಿ ಓದಿದ್ದರಿಂದ ಹಬ್ಬಿದ ಕಥೆ. ರುಚಿ ಗ್ರಾಹಕಗಳು ಇರುವ ಎಲ್ಲ ಭಾಗಗಳಲ್ಲೂ ಎಲ್ಲ ರುಚಿಗಳು ತಿಳಿಯುತ್ತವೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ನೆಗಡಿ ಬಂದಾಗ ಸಾರು ಸಪ್ಪೆ ಅನಿಸುವುದು ಅದಕ್ಕೇ.

ಈ ಕಂಪನಿಗಳ ಒಂದು ಪರೀಕ್ಷೆಯನ್ನು ನೀವು ಮನೆಯಲ್ಲಿ, ಬಿಯರ್ ಇಲ್ಲದೆ, ಮಜ್ಜಿಗೆಯಲ್ಲಿ ಮಾಡಬಹುದು. "ಮಣ್ಣಿನ ಗಡಿಗೆಯ ಮಜ್ಜಿಗೆಯೇ ರುಚಿ" ಎನ್ನುವವರಿಗೆ ಮೂರು ಲೋಟ ಕೊಡಿ. ಎರಡರಲ್ಲಿ ಸ್ಟೀಲ್ ಪಾತ್ರೆಯದು, ಒಂದರಲ್ಲಿ ಗಡಿಗೆಯದು. ಮೂರೂ ಒಂದೇ ತಂಪಿರಲಿ. ಬೇರೆಯದು ಯಾವುದು ಎಂದು ಕೇಳಿ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಬ್ಬರಿಗೆ ಸರಿ ಉತ್ತರ ಬರುತ್ತದೆ. ಆದ್ದರಿಂದ 8 ಜನರಲ್ಲಿ 3 ಜನ ಸರಿ ಹೇಳಿದರೆ ಏನೂ ಸಾಬೀತಾಗಲಿಲ್ಲ. ಕನಿಷ್ಠ 6 ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜ ಎನ್ನಬಹುದು. "ನಾನು ಕುಡಿದು ನೋಡಿದೆ, ಕಿಟ್ ಬಿಯರ್ ಅಂಗಡಿಯದಕ್ಕಿಂತ ಶುದ್ಧ" ಎನ್ನುವ ವಿಡಿಯೊ ನೋಡಿದಾಗ ಈ ಮೂರು ಲೋಟ ನೆನಪಿಸಿಕೊಳ್ಳಿ. ಹೆಸರು ಗೊತ್ತಿದ್ದು ಕುಡಿದವರ ನಾಲಿಗೆ ಸಾಕ್ಷಿಯಾಗುವುದಿಲ್ಲ. ಶುದ್ಧವೋ ಅಲ್ಲವೋ ಎಂಬುದಂತೂ ನಾಲಿಗೆಗೆ ಗೊತ್ತಾಗುವುದೇ ಇಲ್ಲ. ಮೆಥನಾಲ್ ಬೆರೆಸಿದ್ದನ್ನು ಕುಡಿದವರಿಗೂ ರುಚಿಯಲ್ಲಿ ವ್ಯತ್ಯಾಸ ತಿಳಿದಿರುವುದಿಲ್ಲ.

ಬಾಟಲಿ ತಲೆಕೆಳಗು ಮಾಡಿದರೆ ಗ್ಲಿಸರಿನ್ ಇಳಿಯುತ್ತದೆಯೇ?

ಇದು ನಮ್ಮ ದೇಶದಲ್ಲಿ ಬಹಳ ಹಳೆಯ ನಂಬಿಕೆ. ಅಂಗಡಿ ಬಿಯರ್‌ಗೆ ಗ್ಲಿಸರಿನ್ ಹಾಕಿರುತ್ತಾರೆ, ಬಾಟಲಿಯನ್ನು ನೀರಿನ ಲೋಟದಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆಯಂತೆ ಎಳೆ ಎಳೆಯಾಗಿ ಅದು ಇಳಿಯುತ್ತದೆ ಎಂದು ಕೆಲವರು ಮಾಡಿ ತೋರಿಸುತ್ತಾರೆ ಕೂಡ.

ಕಣ್ಣಿಗೆ ಕಾಣುವುದು ನಿಜ, ಅರ್ಥ ತಪ್ಪು. ನಾವು ಇದೇ ಕೆಲಸವನ್ನು ಬೆಲ್ಲದ ಪಾನಕದಿಂದ ಮಾಡಿ ನೋಡಿದೆವು. ಪಾನಕ ತುಂಬಿದ ಬಾಟಲಿಯನ್ನು ನೀರಿನಲ್ಲಿ ಬೋರಲು ಹಾಕಿದಾಗ ಹಾಗೆಯೇ ಎಳೆಗಳು ಇಳಿದವು. ಪಾನಕಕ್ಕೆ ಗ್ಲಿಸರಿನ್ ಯಾರೂ ಹಾಕಿರಲಿಲ್ಲ! ನಡೆದದ್ದು ಇಷ್ಟು: ಪಾನಕ ನೀರಿಗಿಂತ ಭಾರ, ಆದ್ದರಿಂದ ಕೆಳಗಿಳಿಯುತ್ತದೆ. ಹಗುರವಾದ ನೀರು ಮೇಲೇರುತ್ತದೆ. ಹೈಡ್ರೋಮೀಟರ್‌ನ 1.010 ನೆನಪಿದೆಯೇ? ಬಿಯರ್ ಕೂಡ ನೀರಿಗಿಂತ ಚೂರು ಭಾರವೇ. ಜೊತೆಗೆ ಅದರಿಂದ ಏಳುವ ಅನಿಲ ಬಾಟಲಿಯ ಮೇಲ್ಭಾಗದಲ್ಲಿ ಸೇರಿ ಬಿಯರನ್ನು ಕೆಳಗೆ ದೂಡುತ್ತದೆ. ಎರಡು ದ್ರವ ಬೆರೆಯುವಾಗ ಬೆಳಕು ಬಾಗುವುದರಿಂದ ಎಣ್ಣೆಯಂತೆ ಕಾಣುತ್ತದೆ. ಇಳಿದದ್ದು ಬಿಯರ್, ಒಳಹೋದದ್ದು ಲೋಟದ ನೀರು.

ಇನ್ನು ಗ್ಲಿಸರಿನ್ ಅಥವಾ ಗ್ಲಿಸರಾಲ್ ಅನ್ನು ಯೀಸ್ಟ್ ತಾನೇ ಲೀಟರಿಗೆ 1ರಿಂದ 2 ಗ್ರಾಂನಷ್ಟು ಮಾಡುತ್ತದೆ. ಅದು ಕಿಟ್ ಬಿಯರ್‌ನಲ್ಲೂ ಇರುತ್ತದೆ. ಅಷ್ಟು ಪ್ರಮಾಣ ಹಾನಿಕರವೂ ಅಲ್ಲ. ಬಾಟಲಿಯಲ್ಲಿ ಹಾನಿ ಮಾಡುವ ವಸ್ತು ಬೇರೆಯೇ ಇದೆ. ಅದು ಲೇಬಲ್ ಮೇಲೆಯೇ ಬರೆದಿರುವ ಮದ್ಯಸಾರ.

ತಂಪು, ಕಿಡ್ನಿ ಕಲ್ಲು, ಹಗುರ: ಮೂರು ಮಾತು

ಮೊದಲನೆಯದು, ಬಿಯರ್ ದೇಹಕ್ಕೆ ತಂಪು. ತಣ್ಣಗಿರುವುದು ಫ್ರಿಜ್‌ನಿಂದ. ನೀರನ್ನು ಉಳಿಸಿಕೊ ಎಂದು ಕಿಡ್ನಿಗೆ ಹೇಳುವ ಹಾರ್ಮೋನನ್ನು ಮದ್ಯಸಾರ ತಗ್ಗಿಸುತ್ತದೆ. ಹಾಗಾಗಿಯೇ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬಿಸಿಲಲ್ಲಿ ಗದ್ದೆ ಕೆಲಸ, ಕಲ್ಲಿನ ಕೆಲಸ ಮಾಡಿ ಬಂದವರಿಗೆ ಬೇಕಾದದ್ದು ನೀರು, ಉಪ್ಪು. ಅದನ್ನು ಮಜ್ಜಿಗೆ, ಅಂಬಲಿ ಕೊಡುತ್ತವೆ.

ಎರಡನೆಯದು, ಕಿಡ್ನಿ ಕಲ್ಲು. ಬಿಯರ್ ಕಲ್ಲನ್ನು ಕರಗಿಸುವುದಿಲ್ಲ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್. ಬಿಯರ್‌ಗೆ ಅದನ್ನು ಕರಗಿಸುವ ಗುಣವಿಲ್ಲ. ಬಿಯರ್ ಕುಡಿಯುವವರಲ್ಲಿ ಹೊಸ ಕಲ್ಲು ಕಡಿಮೆ ಎಂದು ಕೆಲವು ಅಧ್ಯಯನಗಳಲ್ಲಿ ಕಂಡದ್ದುಂಟು. ಈ ಮೆಸೇಜ್‌ಗಳು ಹಿಡಿದುಕೊಂಡಿರುವುದು ಅದನ್ನೇ. ಆದರೆ ಮೂತ್ರ ಹೆಚ್ಚಾಗಲು ನೀರೇ ಸಾಕು. ಬಿಯರ್ ಯೂರಿಕ್ ಆಮ್ಲವನ್ನೂ ಹೆಚ್ಚಿಸುತ್ತದೆ, ಅದರಿಂದ ಗೌಟ್ ಬರುತ್ತದೆ, ಒಂದು ಬಗೆಯ ಕಲ್ಲೂ ಬೆಳೆಯುತ್ತದೆ. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡಾಗ ಬಿಯರ್ ಕುಡಿದು ಕಾಯುತ್ತಾ ಕೂತರೆ ಕಿಡ್ನಿಗೇ ಅಪಾಯ. ನೋವು, ಜ್ವರ ಇದ್ದರೆ ವೈದ್ಯರ ಬಳಿ ಹೋಗಿ.

ಮೂರನೆಯದು, "ಬಿಯರ್ ಹಗುರ, ಅದು ಕುಡಿತ ಅಲ್ಲ". ಇಲ್ಲಿ ಲೆಕ್ಕ ಹಾಕೋಣ. 650 ಮಿಲಿಯ ಸ್ಟ್ರಾಂಗ್ ಬಿಯರ್, ಶೇ 8. ಅದರಲ್ಲಿ 52 ಮಿಲಿ, ಅಂದರೆ ಸುಮಾರು 41 ಗ್ರಾಂ ಮದ್ಯಸಾರ. 60 ಮಿಲಿ ವಿಸ್ಕಿ, ಶೇ 42.8. ಅದರಲ್ಲಿ ಸುಮಾರು 20 ಗ್ರಾಂ. ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಎಂದರೆ ಎರಡು ದೊಡ್ಡ ಪೆಗ್ ವಿಸ್ಕಿ. ಮನೆಯಲ್ಲಿ ಮಾಡಿದ ಶೇ 4ರ 20 ಲೀಟರ್ ಎಂದರೆ ಸುಮಾರು 630 ಗ್ರಾಂ ಮದ್ಯಸಾರ, ಅಂದರೆ 30ಕ್ಕೂ ಹೆಚ್ಚು ದೊಡ್ಡ ಪೆಗ್. ಮನೆಯ ಮೂಲೆಯಲ್ಲಿ ಅಷ್ಟು ಇದ್ದಾಗ ಒಂದು ಲೋಟಕ್ಕೆ ನಿಲ್ಲಿಸುವುದು ಎಷ್ಟು ಜನರಿಗೆ ಸಾಧ್ಯ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣ ಇಲ್ಲ ಎಂದು ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಬಾಟಲಿ ಅಂಗಡಿಯದೋ ಮನೆಯದೋ ಎಂಬುದನ್ನು ಪಿತ್ತಜನಕಾಂಗ ಕೇಳುವುದಿಲ್ಲ.

"ಲೈಸೆನ್ಸ್ ಬೇಕಿಲ್ಲ" ಎಂಬ ಸುಳ್ಳು

ಮೆಸೇಜಿನಲ್ಲಿ ಅತಿ ದೊಡ್ಡ ತಪ್ಪು ಇದೇ. ಬ್ರಿಟನ್‌ನಲ್ಲಿ ಮನೆ ಬಿಯರ್‌ಗೆ ಲೈಸೆನ್ಸ್ ಬೇಕೆಂಬ ನಿಯಮ ಹೋದದ್ದು 1963ರಲ್ಲಿ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಿಂದ ಸ್ವಂತ ಬಳಕೆಗೆ ಮಾಡಿಕೊಳ್ಳಲು ಅವಕಾಶವಾಯಿತು, ಮಾರಲು ಅಲ್ಲ. ವಿಡಿಯೊ ಮಾಡಿದವರು ಅಲ್ಲಿಯವರು. ಕನ್ನಡದ ಸಾಲು ಸೇರಿಸಿ ಇಲ್ಲಿ ಹರಿಬಿಟ್ಟವರು ಇಲ್ಲಿಯ ಕಾನೂನು ನೋಡಿಲ್ಲ.

ನಮ್ಮಲ್ಲಿ ಮದ್ಯ ರಾಜ್ಯದ ವಿಷಯ. ಇಲ್ಲಿ ಅನ್ವಯವಾಗುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಸಹಜವೋ ಕೃತಕವೋ, ಯಾವುದೇ ವಿಧಾನದಿಂದ ಮದ್ಯ ಆಗುವಂತೆ ಮಾಡಿದರೂ ಅದು ತಯಾರಿಕೆಯೇ. "ಮಾರಲಿಲ್ಲ, ನಾವೇ ಕುಡಿದೆವು" ಎಂಬುದು ಇಲ್ಲಿ ರಕ್ಷಣೆ ಕೊಡುವುದಿಲ್ಲ. ಶಿಕ್ಷೆಯಲ್ಲಿ ಜೈಲು, ದಂಡ ಎರಡೂ ಇವೆ. ಬೇರೆ ಕೆಲವು ರಾಜ್ಯಗಳಲ್ಲಿ ಬುಡಕಟ್ಟು ಸಮುದಾಯಗಳಿಗೆ ಮನೆ ಬಳಕೆಗೆ ವಿನಾಯಿತಿ ಇದೆ. ಅದನ್ನು ಇಲ್ಲಿ ಹೇಳಿಕೊಂಡು ಪ್ರಯೋಜನವಿಲ್ಲ. ಬೆಂಗಳೂರಿನ ಪಬ್‌ಗಳಲ್ಲಿ ಅಲ್ಲಿಯೇ ಬಿಯರ್ ಮಾಡಿ ಕೊಡುವುದು ಅದಕ್ಕೆಂದೇ ಇರುವ ಲೈಸೆನ್ಸ್ ಪಡೆದು.

"ಹಾಗಾದರೆ ಕಿಟ್ ಆನ್‌ಲೈನ್‌ನಲ್ಲಿ ಹೇಗೆ ಸಿಗುತ್ತದೆ?" ಮಾಲ್ಟ್ ಸಾರ, ಯೀಸ್ಟ್, ಹಾಪ್ಸ್ ಆಹಾರ ಪದಾರ್ಥಗಳು. ಬೇಕರಿಯಲ್ಲೂ ಮಾಲ್ಟ್, ಯೀಸ್ಟ್ ಬಳಸುತ್ತಾರೆ. ಕೊಳ್ಳುವುದು ಬೇರೆ, ಹುದುಗಿಸಿ ಮದ್ಯ ಮಾಡುವುದು ಬೇರೆ. ಡೆಲಿವರಿ ಆಯಿತು ಎಂದ ಮಾತ್ರಕ್ಕೆ ಕಾನೂನು ಒಪ್ಪಿತು ಎಂದಲ್ಲ.

ಈ ಕಾನೂನು ನ್ಯಾಯವೇ ಎಂದು ಕೇಳುವವರೂ ಇದ್ದಾರೆ. ಅಂಗಡಿಯಲ್ಲಿ ಎಷ್ಟು ಬೇಕಾದರೂ ಮಾರಬಹುದು, ತೆರಿಗೆ ಬರುತ್ತದೆ, ಮನೆಯಲ್ಲಿ ಮಾಡಿದರೆ ಮಾತ್ರ ಅಪರಾಧವೇ ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಪ್ಯಾಕೆಟ್ ಹೋದರೂ ಕುಡಿತ ಹೋಗಲಿಲ್ಲ. ಅದೇ ಕಾರಣಕ್ಕೆ 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ರಾಯಚೂರು ಕಡೆಯ ಹೆಣ್ಣುಮಕ್ಕಳು ಅದರಲ್ಲಿ ಮುಂದಿದ್ದರು. ಕೂಲಿ ಹಣ ಎಲ್ಲಿ ಹೋಗುತ್ತದೆ, ಮನೆಯಲ್ಲಿ ಹೊಡೆತ ಯಾರಿಗೆ ಬೀಳುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾನೂನಿನ ಬಗ್ಗೆ ಚರ್ಚೆ ನಡೆಯಲಿ. ಆದರೆ ಚರ್ಚೆ ಮುಗಿಯುವವರೆಗೆ ಪೊಲೀಸ್ ಕೇಸ್ ಆಗುವುದು ಡ್ರಮ್ ಇಟ್ಟವರ ಮೇಲೆಯೇ ಹೊರತು ಫಾರ್ವರ್ಡ್ ಮಾಡಿದವರ ಮೇಲಲ್ಲ.

ಹೇಮಗುಡ್ಡದ ಗೆಳೆಯರಿಗೆ ನಾವು ಹೇಳಿದ್ದು

"ನಿಮ್ಮವ್ವಾರಿಗೆ ಹೇಳಿ: ಕಿಟ್‌ನಿಂದ ಕಣ್ಣು ಹೋಗುವುದಿಲ್ಲ, ಆದರೆ ಎಲ್ಲಿಯದೋ ಕ್ಯಾನ್‌ನಲ್ಲಿ ಬಂದದ್ದು ಕುಡಿಯಬೇಡ ಎನ್ನುವ ಅವರ ಮಾತು ಖರೆ. ನಿಮಗೆ ಹೇಳುವುದು: ಕಿಟ್ ಬೇಡ. ಕಾನೂನು ಒಪ್ಪುವುದಿಲ್ಲ, ನಮ್ಮ ಬಿಸಿಲೂ ಒಪ್ಪುವುದಿಲ್ಲ."

ಅವರು ಮತ್ತೊಂದು ವಾಯ್ಸ್ ಮೆಸೇಜ್ ಕಳಿಸಿದರು: "ಹುದುಗೋದು ನೋಡ್ಬೇಕಂತ ಆಸೆ ಇತ್ರೀ, ಅಷ್ಟ." ಆ ಆಸೆಗೆ ದಾರಿ ಇದೆ. ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಬೇಕರಿಯ ಒಣ ಯೀಸ್ಟ್ ಚಿಟಿಕೆ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಬಲೂನು ಏಳುತ್ತದೆ. ನೋಡಿ ಮುಗಿದ ಮೇಲೆ ಚೆಲ್ಲಿಬಿಡಿ. ಮನೆಯ ಮಕ್ಕಳಿಗೂ ತೋರಿಸಿ.

ಈ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಉತ್ತರವಾಗಿ ಇಷ್ಟು ಹಾಕಿ:

• ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ.
• ಮಾಲ್ಟ್ ಬಿಯರ್‌ನಿಂದ ಕಣ್ಣು ಹೋಗುವುದಿಲ್ಲ. ಮೆಥನಾಲ್ ಬೆರೆಸಿದ ಕಳ್ಳಭಟ್ಟಿಯಿಂದ ಕಣ್ಣೂ ಹೋಗುತ್ತದೆ, ಜೀವವೂ ಹೋಗುತ್ತದೆ. ಅನುಮಾನ ಬಂದರೆ ಕಾಯಬೇಡಿ, 108.
• ಬಾಟಲಿ ಬೋರಲು ಹಾಕಿದಾಗ ಇಳಿಯುವುದು ಗ್ಲಿಸರಿನ್ ಅಲ್ಲ, ಬಿಯರ್.
• ಬಿಯರ್ ಕಿಡ್ನಿ ಕಲ್ಲು ಕರಗಿಸುವುದಿಲ್ಲ, ದೇಹಕ್ಕೆ ತಂಪೂ ಅಲ್ಲ.
• ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಎಂದರೆ ಎರಡು ದೊಡ್ಡ ಪೆಗ್.
• ಕುಡಿತ ಬಿಡಲು ಆಗುತ್ತಿಲ್ಲ ಎಂದು ನಿಮಗೋ ಮನೆಯವರಿಗೋ ಅನಿಸಿದರೆ ವ್ಯಸನಮುಕ್ತಿ ಸಹಾಯವಾಣಿ 14446. ಕರೆ ಉಚಿತ.

ಕೊನೆಯ ಸಾಲನ್ನು ಮಾತ್ರ ಫಾರ್ವರ್ಡ್ ಮಾಡಿದರೂ ಸಾಕು. ಗ್ರೂಪಿನಲ್ಲಿ ಅದು ಬೇಕಾದವರು ಯಾರಾದರೂ ಇದ್ದೇ ಇರುತ್ತಾರೆ.